ಒಂದು ರಾತ್ರಿಯ ಬಿಡಾರ: ಪೋರ್ಟ್ ಆಫ್ ಸ್ಪೇನ್‌ನಲ್ಲಿ ತಂಗುವುದೆಲ್ಲಿ?

ನಕಾಶೆಯಲ್ಲಿ ಕೆರಿಬಿಯನ್ ದ್ವೀಪಗಳು ಮಣಿ ಪೋಣಿಸಿದಂತೆ ಒಂದರ ಪಕ್ಕ ಒಂದು ಕಾಣುತ್ತವೆ. ಅವುಗಳ ನಡುವಿನ ನಿಜವಾದ ದೂರ ಅರಿವಿಗೆ ಬರುವುದು ವಿಮಾನದ ಟಿಕೆಟ್ಟು ಕೊಳ್ಳಲು ಕುಳಿತಾಗ. ದ್ವೀಪಗಳು ಚಿಕ್ಕವು, ಜನಸಂಖ್ಯೆ ಕಡಿಮೆ. ಆದ್ದರಿಂದ ವಿಮಾನಗಳೂ ಚಿಕ್ಕವು, ಅವುಗಳ ಸಂಖ್ಯೆಯೂ ಕಡಿಮೆ. ಯುರೋಪಿನಿಂದಲೋ ಉತ್ತರ ಅಮೆರಿಕದಿಂದಲೋ ಬರುವ ದೊಡ್ಡ ವಿಮಾನ ಸಂಜೆಗೋ ರಾತ್ರಿಗೋ ಇಳಿಯುವಷ್ಟರಲ್ಲಿ ಪಕ್ಕದ ದೇಶಕ್ಕೆ ಹೋಗುವ ಆ ದಿನದ ಕೊನೆಯ ವಿಮಾನ ಹೊರಟುಹೋಗಿರುತ್ತದೆ. ಮುಂದಿನದು ಮರುದಿನ ಬೆಳಿಗ್ಗೆ. ವಿಮಾನಯಾನದ ಭಾಷೆಯಲ್ಲಿ ಇದಕ್ಕೆ ‘ಲೇಓವರ್’ ಎಂದು ಹೆಸರು. ನಮ್ಮ ಹಿರಿಯರಾಗಿದ್ದರೆ ‘ನಡುದಾರಿಯ ಬಿಡಾರ’ ಎನ್ನುತ್ತಿದ್ದರು.

ಇಂತಹ ಬಿಡಾರ ಹೆಚ್ಚಾಗಿ ಒದಗುವ ಊರುಗಳಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊ ದೇಶದ ರಾಜಧಾನಿಯಾದ ಪೋರ್ಟ್ ಆಫ್ ಸ್ಪೇನ್ ಪ್ರಮುಖವಾದುದು. ಹಳೆಯ ಬಿಡಬ್ಲ್ಯುಐಎ ಸಂಸ್ಥೆ ಬಾಗಿಲು ಹಾಕಿದ ಮರುದಿನ, ಅಂದರೆ 2007ರ ಜನವರಿ 1ರಂದು ಹಾರಾಟ ಆರಂಭಿಸಿದ ಕೆರಿಬಿಯನ್ ಏರ್‌ಲೈನ್ಸ್‌ಗೆ ಇದೇ ತವರು. ಗಯಾನಾ, ಸುರಿನಾಮ್, ಬಾರ್ಬಡೋಸ್, ಗ್ರೆನಡಾಗಳಿಗೆ ಹೋಗುವ ಅನೇಕರು ಇಲ್ಲಿ ವಿಮಾನ ಬದಲಿಸುತ್ತಾರೆ. ಭಾರತದಿಂದ ಟ್ರಿನಿಡಾಡಿಗಾಗಲಿ ಗಯಾನಾಕ್ಕಾಗಲಿ ನೇರ ವಿಮಾನವಿಲ್ಲ. ಬೆಂಗಳೂರಿನಿಂದ ಹೊರಟವರು ಯುರೋಪಿನ ಅಥವಾ ಉತ್ತರ ಅಮೆರಿಕದ ಯಾವುದಾದರೊಂದು ನಗರದಲ್ಲಿ ಒಮ್ಮೆ ಇಳಿದು ಹತ್ತಿ, ಅಟ್ಲಾಂಟಿಕ್ ದಾಟಿ ಇಲ್ಲಿಗೆ ಬಂದು ಮತ್ತೊಮ್ಮೆ ಕಾಯಬೇಕು. 2015ರಲ್ಲಿ ಗಯಾನಾದ ಕಡಲಾಳದಲ್ಲಿ ತೈಲ ಸಿಕ್ಕಿ, 2019ರ ಕೊನೆಯಲ್ಲಿ ಉತ್ಪಾದನೆ ಶುರುವಾದ ಮೇಲೆ ಆ ಕಡೆಗಿನ ಸಂಚಾರ ಬೆಳೆದಿದೆ. ಕ್ರಿಕೆಟ್ ಸರಣಿಯ ಹಿಂದೆ ದ್ವೀಪದಿಂದ ದ್ವೀಪಕ್ಕೆ ಅಲೆಯುವ ಅಭಿಮಾನಿಗಳಂತೂ ಹಿಂದಿನಿಂದಲೂ ಇದ್ದಾರೆ.

ಹೀಗೆ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಅಲ್ಲಿ ಒಳ್ಳೆಯ ಹೋಟೆಲು ಯಾವುದು? ಪ್ರಶ್ನೆ ಸಹಜವೇ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ: ನಮ್ಮ ಕೈಯಲ್ಲಿರುವುದು ಎಷ್ಟು ಗಂಟೆ, ಅದರಲ್ಲಿ ಹಗಲೆಷ್ಟು, ಇರುಳೆಷ್ಟು? ಎಲ್ಲಿ ತಂಗಬೇಕೆಂಬುದನ್ನು ಹೋಟೆಲಿನ ನಕ್ಷತ್ರಗಳಿಗಿಂತ ಈ ಲೆಕ್ಕವೇ ಚೆನ್ನಾಗಿ ಹೇಳುತ್ತದೆ.

ಗಂಟೆಗಳ ಲೆಕ್ಕ

ಪಿಯಾರ್ಕೊ ವಿಮಾನ ನಿಲ್ದಾಣ ರಾಜಧಾನಿಯಲ್ಲಿಲ್ಲ. ನಗರದಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರ್ ದೂರದ ಬಯಲಿನಲ್ಲಿದೆ. 1931ರಲ್ಲಿ ಫ್ರೆಂಚ್ ಅಂಚೆ ವಿಮಾನಗಳಿಗಾಗಿ ತೆರೆದ ಈ ನಿಲ್ದಾಣದ ಈಗಿನ ಮುಖ್ಯ ಟರ್ಮಿನಲ್ ಬಂದದ್ದು 2001ರಲ್ಲಿ. ನಗರಕ್ಕೆ ಹೋಗಲು ಚರ್ಚಿಲ್-ರೂಸ್ವೆಲ್ಟ್ ಹೆದ್ದಾರಿಯಲ್ಲಿ ಸಾಗಿ, ಅದರ ಮುಂದುವರಿಕೆಯಾದ ಬೀಥಮ್ ಹೆದ್ದಾರಿಯ ಮೂಲಕ ಊರು ಸೇರಬೇಕು. ರಸ್ತೆ ಖಾಲಿಯಿದ್ದರೆ ಅರ್ಧ ಗಂಟೆ. ದಟ್ಟಣೆಯ ಹೊತ್ತಿನಲ್ಲಿ ಅದರ ಎರಡರಷ್ಟೂ ಆಗಬಹುದು. ಬೆಳಿಗ್ಗೆ ವಾಹನಗಳ ಪ್ರವಾಹ ನಗರದತ್ತ ಹರಿಯುತ್ತದೆ, ಸಂಜೆ ನಗರದಿಂದ ಹೊರಗೆ. ಸಂಜೆ ಇಳಿದು ನಗರಕ್ಕೆ ಹೋಗಿ, ಬೆಳಿಗ್ಗೆ ನಗರದಿಂದ ಮರಳುವ ಪ್ರಯಾಣಿಕ ಈ ಪ್ರವಾಹಕ್ಕೆ ಎದುರು ದಿಕ್ಕಿನಲ್ಲಿ ಸಾಗುವುದರಿಂದ ಅವನಿಗೆ ಅಷ್ಟರಮಟ್ಟಿಗೆ ಅನುಕೂಲ. ಆದರೆ ಅಪಘಾತವೋ ಪ್ರತಿಭಟನೆಯೋ ನಡೆದು ಬೀಥಮ್ ರಸ್ತೆ ಕಟ್ಟಿಕೊಂಡರೆ ಯಾವ ದಿಕ್ಕಿಗೂ ಅನುಕೂಲವಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ವಿಮಾನ ರಾತ್ರಿ 8.30ಕ್ಕೆ ಇಳಿಯಿತು, ಮುಂದಿನ ವಿಮಾನ ಬೆಳಿಗ್ಗೆ 7ಕ್ಕೆ. ವಲಸೆ ತಪಾಸಣೆ, ಸಾಮಾನು, ಸುಂಕದ ಕಟ್ಟೆ ಎಲ್ಲ ಮುಗಿಸಿ ಹೊರಬೀಳುವಾಗ 9.45 ಎಂದಿಟ್ಟುಕೊಳ್ಳಿ. ನಗರದ ಹೋಟೆಲು ಸೇರಿ ತಲೆ ದಿಂಬಿಗೆ ತಾಗುವಾಗ ಹನ್ನೊಂದೂಕಾಲು. ಅಂತಾರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲೇ ಹಾಜರಿರಬೇಕೆಂಬ ನಿಯಮ ಪಾಲಿಸುವುದಾದರೆ ಎರಡೂವರೆಗೆ ಏಳಬೇಕು. ನಿದ್ದೆ ಮೂರೂಕಾಲು ಗಂಟೆ. ಅದೇ, ನಿಲ್ದಾಣದ ಸಮೀಪದಲ್ಲಿ ಉಳಿದರೆ ಹತ್ತೂಮುಕ್ಕಾಲಕ್ಕೆ ಮಲಗಿ ಮೂರಕ್ಕೆ ಎದ್ದರೆ ಸಾಕು. ಉಳಿತಾಯ ಒಂದೇ ಗಂಟೆಯಾದರೂ, ಎರಡು ಖಂಡಗಳನ್ನು ದಾಟಿ ಬಂದ ದೇಹಕ್ಕೆ ಆ ಒಂದು ಗಂಟೆ ದೊಡ್ಡದು. ಅಷ್ಟೇ ಅಲ್ಲ, ಆ ಹೊತ್ತಿನಲ್ಲಿ ನಗರಕ್ಕೆ ಹೋದವನು ನಗರವನ್ನು ನೋಡುವುದೂ ಇಲ್ಲ. ಎರಡು ಕಡೆಯ ಟ್ಯಾಕ್ಸಿ ಬಾಡಿಗೆ ತೆತ್ತು, ರಾಜಧಾನಿಯ ದರದಲ್ಲಿ ಬರಿಯ ಹಾಸಿಗೆಯೊಂದನ್ನು ಕೊಂಡಂತಾಗುತ್ತದೆ.

ಆದ್ದರಿಂದ ಸ್ಥೂಲವಾಗಿ ಹೀಗೆ ಹೇಳಬಹುದು. ಇಳಿಯುವುದಕ್ಕೂ ಏರುವುದಕ್ಕೂ ನಡುವೆ ಹನ್ನೆರಡು ಗಂಟೆಗಿಂತ ಕಡಿಮೆಯಿದ್ದು ಅದರಲ್ಲಿ ಬಹುಭಾಗ ರಾತ್ರಿಯೇ ಆಗಿದ್ದರೆ ನಿಲ್ದಾಣದ ಆಸುಪಾಸಿನಲ್ಲಿಯೇ ಉಳಿಯುವುದು ಲೇಸು. ಹದಿನಾರು ಗಂಟೆ ಮೀರಿ, ಅದರಲ್ಲಿ ಒಂದು ಸಂಜೆಯೋ ಒಂದು ಮುಂಜಾನೆಯೋ ಪೂರ್ತಿಯಾಗಿ ಸಿಗುವಂತಿದ್ದರೆ ನಗರಕ್ಕೆ ಹೋಗಬೇಕು. ಇವೆರಡರ ನಡುವಿನವರಿಗೆ, ಪ್ರವಾಸಿ ಕೈಪಿಡಿಗಳು ಅಷ್ಟಾಗಿ ಗಮನಿಸದ ಮೂರನೆಯ ದಾರಿಯೊಂದಿದೆ. ಅದನ್ನು ಮುಂದೆ ನೋಡೋಣ.

ಬೆಂಚಿನ ಮೇಲಿನ ರಾತ್ರಿ

ಹಾಸಿಗೆಯ ಖರ್ಚೇಕೆ, ನಿಲ್ದಾಣದ ಬೆಂಚಿನ ಮೇಲೆಯೇ ಬೆಳಗು ಮಾಡೋಣ ಎನ್ನುವವರೂ ಇದ್ದಾರೆ. ಯೌವನದಲ್ಲಿ ಇದೊಂದು ಸಾಹಸ. ಮಕ್ಕಳೊಂದಿಗೆ, ವಯಸ್ಸಾದ ತಂದೆತಾಯಿಯರೊಂದಿಗೆ ಪ್ರಯಾಣಿಸುವವರಿಗೆ ಅದು ಶಿಕ್ಷೆ. ಪಿಯಾರ್ಕೊ ಟರ್ಮಿನಲ್ಲಿನ ಒಳಗೆ ಹೋಟೆಲಿಲ್ಲ. ಹವಾನಿಯಂತ್ರಣದ ಚಳಿ, ಧ್ವನಿವರ್ಧಕದ ಕೂಗು, ಸಾಮಾನು ಕಾಯುವ ಆತಂಕ ಇವುಗಳ ನಡುವೆ ಕಣ್ಣು ಮುಚ್ಚಿದರೂ ನಿದ್ದೆ ಹತ್ತುವುದಿಲ್ಲ. ಮರುದಿನ ಇಳಿದ ಊರಿನಲ್ಲಿ ಕೆಲಸಕ್ಕೆ ಹಾಜರಾಗಬೇಕಾದವರು ಇಲ್ಲಿ ಉಳಿಸಿದ ಹಣವನ್ನು ಅಲ್ಲಿ ಆಯಾಸದ ರೂಪದಲ್ಲಿ ತೆರುತ್ತಾರೆ.

ಬೆಂಚನ್ನು ಆರಿಸಿಕೊಳ್ಳುವ ಮುನ್ನ ಟಿಕೆಟ್ಟನ್ನು ಇನ್ನೊಮ್ಮೆ ಓದಬೇಕು. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದು, ವಿಮಾನ ಸಂಸ್ಥೆಯ ವಿಳಂಬದಿಂದಲೇ ಸಂಪರ್ಕ ವಿಮಾನ ತಪ್ಪಿದ್ದರೆ ಮುಂದಿನ ವಿಮಾನದಲ್ಲಿ ಜಾಗ ಕೊಡಬೇಕಾದದ್ದು ಸಂಸ್ಥೆಯ ಹೊಣೆ. ಹೋಟೆಲು ಮತ್ತು ಊಟದ ವ್ಯವಸ್ಥೆಯನ್ನೂ ನಿಸ್ಸಂಕೋಚವಾಗಿ ಕೇಳಬೇಕು. ನಮ್ಮವರು ಕೇಳಲು ಹಿಂಜರಿಯುತ್ತಾರೆ, ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ. ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ಟು ಕೊಂಡವರಿಗೆ ಈ ರಕ್ಷಣೆಯಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ನಷ್ಟ ಅವರದೇ. ಸಾಮಾನನ್ನೂ ತಾವೇ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು. ಅಂಥವರ ಪಾಲಿಗೆ ರಾತ್ರಿಯ ಬಿಡಾರ ಅನಿವಾರ್ಯ ಖರ್ಚಾಗಿರುವುದರಿಂದ, ಅದನ್ನು ಟಿಕೆಟ್ಟಿನ ಬೆಲೆಯೊಂದಿಗೆ ಕೂಡಿಸಿಯೇ ಅಗ್ಗವೋ ತುಟ್ಟಿಯೋ ಎಂದು ತೀರ್ಮಾನಿಸಬೇಕು.

ನಿಲ್ದಾಣದ ನೆರೆಯಲ್ಲಿ ಉಳಿಯಬಯಸುವವರಿಗೆ ಕೆಲವೇ ನಿಮಿಷಗಳ ದೂರದ ಟ್ರಿನ್‌ಸಿಟಿಯಲ್ಲಿ ಹಾಲಿಡೇ ಇನ್ ಎಕ್ಸ್‌ಪ್ರೆಸ್ ಇದೆ. ಪಿಯಾರ್ಕೊ ಗ್ರಾಮದ ಸುತ್ತಮುತ್ತ ಚಿಕ್ಕ ಅತಿಥಿಗೃಹಗಳಿವೆ. ಕೋಣೆ ಕಾದಿರಿಸುವಾಗ ಮೂರು ಸಂಗತಿಗಳನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಬೇಕು: ನಡುರಾತ್ರಿ ಬಾಗಿಲು ತೆರೆಯುವವರಿದ್ದಾರೆಯೇ, ನಿಲ್ದಾಣದಿಂದ ಕರೆದೊಯ್ಯಲು ವಾಹನ ಬರುತ್ತದೆಯೇ, ನಸುಕಿನ ಮೂರು ಗಂಟೆಗೂ ಅದು ಸಿಗುತ್ತದೆಯೇ. ಕೋಣೆಯ ಅಂದಚಂದಕ್ಕಿಂತ ಈ ಮೂರು ಉತ್ತರಗಳು ಮುಖ್ಯ.

ಮೂರನೆಯ ದಾರಿ

ವಿಮಾನ ನಿಲ್ದಾಣಕ್ಕೂ ರಾಜಧಾನಿಗೂ ನಡುವೆ, ಉತ್ತರದ ಬೆಟ್ಟಸಾಲಿನ ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡ ಪಟ್ಟಣಗಳ ಸಾಲಿದೆ: ಟ್ಯುನಾಪುನಾ, ಸೇಂಟ್ ಆಗಸ್ಟೀನ್, ಕ್ಯುರೆಪ್, ಸೇಂಟ್ ಜೋಸೆಫ್. ಅಲ್ಲಿನವರು ಇಡೀ ಪಟ್ಟಿಯನ್ನು ಪೂರ್ವ-ಪಶ್ಚಿಮ ಕಾರಿಡಾರ್ ಎಂದು ಕರೆಯುತ್ತಾರೆ. ಇದರ ನಡುವೆ ಹಾದುಹೋಗುತ್ತಿದ್ದ ರೈಲು 1968ರಲ್ಲಿ ನಿಂತುಹೋಯಿತು. ಹಳಿಯಿದ್ದ ಜಾಗದಲ್ಲಿ ಈಗ ಬಸ್ಸು ಮತ್ತು ‘ಮ್ಯಾಕ್ಸಿ ಟ್ಯಾಕ್ಸಿ’ಗಳಿಗೆಂದೇ ಮೀಸಲಾದ ರಸ್ತೆಯಿದೆ. ಬಿಳಿಯ ಮೈಗೆ ಕೆಂಪು ಪಟ್ಟಿ ಬಳಿದ ಈ ಮಿನಿ ಬಸ್ಸುಗಳು ಹಗಲಿಡೀ ಈ ಪಟ್ಟಣಗಳನ್ನು ರಾಜಧಾನಿಯೊಂದಿಗೆ ಬೆಸೆಯುತ್ತವೆ.

ನಡುವಿನ ಅವಧಿಯವರಿಗೆ ಯೋಗ್ಯವಾದ ಬಿಡಾರ ಇಲ್ಲಿದೆ. ಸೇಂಟ್ ಆಗಸ್ಟೀನ್‌ನಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಆವರಣವಿದೆ. ಉಷ್ಣವಲಯದ ಕೃಷಿಯನ್ನು ಕಲಿಸಲು ಬ್ರಿಟಿಷರು 1920ರ ದಶಕದಲ್ಲಿ ಕಟ್ಟಿದ ಕಾಲೇಜೇ 1960ರಲ್ಲಿ ಈ ವಿಶ್ವವಿದ್ಯಾಲಯದ ಅಂಗವಾಯಿತು. ವಿದ್ಯಾರ್ಥಿಗಳು, ಅವರನ್ನು ನೋಡಲು ಬರುವ ಪೋಷಕರು, ಅತಿಥಿ ಅಧ್ಯಾಪಕರು ಇರುವ ಊರಾದ್ದರಿಂದ ಮಿತವ್ಯಯದ ಅತಿಥಿಗೃಹಗಳಿಗೂ ಊಟದ ಅಂಗಡಿಗಳಿಗೂ ಕೊರತೆಯಿಲ್ಲ. ಮೇಲಿನ ಬೆಟ್ಟದಲ್ಲಿ 1912ರಲ್ಲಿ ಸ್ಥಾಪನೆಯಾದ ಮೌಂಟ್ ಸೇಂಟ್ ಬೆನೆಡಿಕ್ಟ್ ಕ್ರೈಸ್ತ ಮಠವಿದೆ. ಅದರ ಅತಿಥಿಗೃಹ ದಶಕಗಳ ಕಾಲ ಯಾತ್ರಿಕರಿಗೂ ಹಕ್ಕಿಗಳನ್ನು ನೋಡಲು ಬರುವವರಿಗೂ ಆಸರೆಯಾಗಿದೆ. ಮಠದ ಅಂಗಳದಲ್ಲಿ ನಿಂತರೆ ಕೆಳಗೆ ಬಯಲು, ಹೆದ್ದಾರಿ, ವಿಮಾನ ನಿಲ್ದಾಣದ ದಿಕ್ಕು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

ಕ್ರಿಕೆಟ್ ಪ್ರಿಯರಿಗೆ ಟ್ಯುನಾಪುನಾ ಇನ್ನೊಂದು ಕಾರಣಕ್ಕೆ ಮುಖ್ಯ. ಕ್ರಿಕೆಟ್ಟಿನ ಮೂಲಕ ಒಂದು ವಸಾಹತಿನ ಸಮಾಜವನ್ನೇ ಓದಿ ತೋರಿಸಿದ ‘ಬಿಯಾಂಡ್ ಎ ಬೌಂಡರಿ’ (1963) ಕೃತಿಯ ಕರ್ತೃ ಸಿ.ಎಲ್.ಆರ್. ಜೇಮ್ಸ್ 1901ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ.

ಕ್ಯುರೆಪ್‌ನ ಕೂಡುರಸ್ತೆ ‘ಡಬಲ್ಸ್’ ಎಂಬ ತಿನಿಸಿಗೆ ಹೆಸರುವಾಸಿ. ಅರಿಸಿನ ಬೆರೆತ ಮೈದಾಹಿಟ್ಟಿನ ಮೆತ್ತನೆಯ ಎರಡು ‘ಬಾರಾ’ಗಳು, ನಡುವೆ ಕಾಬೂಲಿ ಕಡಲೆಯ ಗೊಜ್ಜು, ಮೇಲೆ ಹುಣಿಸೆ ಮತ್ತು ಸೌತೆಯ ಚಟ್ನಿ, ಬೇಕಾದಷ್ಟು ಖಾರ. ಕಾಗದದಲ್ಲಿ ಸುತ್ತಿ ಕೈಗಿಡುತ್ತಾರೆ, ನಿಂತಲ್ಲಿಯೇ ತಿನ್ನಬೇಕು. ಸಸ್ಯಾಹಾರಿಗಳು ಹೊರದೇಶದಲ್ಲಿ ಪಡುವ ಪಾಡು ಎಲ್ಲರಿಗೂ ತಿಳಿದದ್ದೇ. ಟ್ರಿನಿಡಾಡಿನಲ್ಲಿ ಆ ಚಿಂತೆಯಿಲ್ಲ. ಹಾಗೆಂದು ಇದನ್ನು ನಮ್ಮ ಅಡುಗೆಯೆಂದೇ ತಿಳಿಯುವುದೂ ತಪ್ಪು. ಕಡಲೆ, ಅರಿಸಿನಗಳ ನೆನಪು ಭಾರತದಿಂದ ಹೋದದ್ದು ನಿಜ, ತಿನಿಸು ಮಾತ್ರ ಅಲ್ಲಿಯೇ ಹುಟ್ಟಿದ್ದು. ಅದನ್ನು ತಿನ್ನಲು ಸಾಲುಗಟ್ಟುವವರಲ್ಲಿ ಎಲ್ಲ ಮೂಲದವರೂ ಇರುತ್ತಾರೆ.

ನಗರಕ್ಕೆ ಹೋಗುವುದಾದರೆ

ಹಗಲು ಕೈಯಲ್ಲಿದ್ದವರು ನಗರವನ್ನು ಬಿಡಬಾರದು. ತಂಗಲು ಅಲ್ಲಿ ಮೂರು ನೆಲೆಗಳಿವೆ. ಬಂದರಿನ ದಡದ ಹಯಾಟ್ ರೀಜೆನ್ಸಿ 2008ರಲ್ಲಿ ತೆರೆಯಿತು. ಮರುವರ್ಷ ಅಮೆರಿಕ ಖಂಡಗಳ ನಾಯಕರ ಶೃಂಗಸಭೆ ನಡೆದದ್ದು ಅಲ್ಲಿಯೇ. ಬೆಟ್ಟದ ಇಳಿಜಾರಿನಲ್ಲಿರುವ ಹಿಲ್ಟನ್ 1962ರದು. ಸ್ವಾಗತಕಟ್ಟೆ ಮೇಲಿನ ಅಂತಸ್ತಿನಲ್ಲಿದ್ದು ಕೋಣೆಗಳಿಗೆ ಕೆಳಗಿಳಿದು ಹೋಗಬೇಕಾದ್ದರಿಂದ ಜನ ಅದನ್ನು ‘ತಲೆಕೆಳಗಾದ ಹೋಟೆಲು’ ಎನ್ನುತ್ತಾರೆ. ಎರಡೂ ದುಬಾರಿ. ಮೂರನೆಯದು ವುಡ್‌ಬ್ರೂಕ್ ಬಡಾವಣೆ. ಹಳೆಯ ಮರಗೆಲಸದ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿರುವ, ಅರಿಯಪೀಟಾ ಅವೆನ್ಯೂವಿನ ಊಟದ ಮನೆಗಳಿಗೆ ಹತ್ತಿರವಾದ ಈ ಬಡಾವಣೆಯ ಅತಿಥಿಗೃಹಗಳು ಮಧ್ಯಮವರ್ಗದ ಪ್ರಯಾಣಿಕನಿಗೆ ಹೆಚ್ಚು ಒಗ್ಗುತ್ತವೆ.

ವುಡ್‌ಬ್ರೂಕ್‌ನ ಅಂಚಿನಲ್ಲಿಯೇ ಕ್ವೀನ್ಸ್ ಪಾರ್ಕ್ ಓವಲ್ ಮೈದಾನವಿದೆ. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. 1971ರ ಮಾರ್ಚ್‌ನಲ್ಲಿ ಭಾರತ ವೆಸ್ಟ್ ಇಂಡೀಸನ್ನು ಟೆಸ್ಟ್ ಪಂದ್ಯದಲ್ಲಿ ಮೊದಲ ಬಾರಿಗೆ ಸೋಲಿಸಿದ್ದು ಇಲ್ಲಿ. ಆ ತಂಡದಲ್ಲಿ ಇ.ಎ.ಎಸ್. ಪ್ರಸನ್ನ ಇದ್ದರು. 1976ರ ಏಪ್ರಿಲ್‌ನಲ್ಲಿ ಗಯಾನಾದಲ್ಲಿ ನಡೆಯಬೇಕಿದ್ದ ಟೆಸ್ಟ್ ಮಳೆಯ ಕಾರಣ ಇಲ್ಲಿಗೆ ಸ್ಥಳಾಂತರವಾಯಿತು. ಗೆಲ್ಲಲು ಬೇಕಿದ್ದ 403 ರನ್ನುಗಳನ್ನು ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು ದಾಟಿತು. ಜಿ.ಆರ್. ವಿಶ್ವನಾಥ್ 112 ರನ್ ಹೊಡೆದರೆ, ಗೆಲುವಿನ ಹೊತ್ತಿಗೆ 49 ರನ್ನುಗಳೊಂದಿಗೆ ಅಜೇಯರಾಗಿ ಉಳಿದವರು ಬ್ರಿಜೇಶ್ ಪಟೇಲ್. ಆ ದಾಖಲೆ 27 ವರ್ಷ ನಿಂತಿತು. ಇದೇ ಮೈದಾನದಲ್ಲಿ 2007ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ತಂಡ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲಿಯೇ ಹೊರಬಿದ್ದ ನೋವೂ ಅನೇಕರಿಗೆ ಮರೆತಿರಲಾರದು.

ಓವಲ್‌ನಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಸೇಂಟ್ ಜೇಮ್ಸ್. ಅಲ್ಲಿನ ಬೀದಿಗಳ ಹೆಸರು ಕಲ್ಕತ್ತಾ, ಮದ್ರಾಸ್, ಬಾಂಬೆ, ದೆಹಲಿ. ಕಬ್ಬಿನ ತೋಟಗಳಿಂದ ಹೊರಬಂದ ಭಾರತೀಯ ಕೂಲಿಕಾರರು ನೆಲೆಸಿದ ಬಡಾವಣೆಯಿದು. ಇಲ್ಲಿನ ನೇಪಾಲ್ ಬೀದಿಯ 26ನೇ ಸಂಖ್ಯೆಯ ಪುಟ್ಟ ಮನೆಯ ಮುಂದೆ ಒಂದು ಕ್ಷಣವಾದರೂ ನಿಲ್ಲಬೇಕು. 2001ರಲ್ಲಿ ನೊಬೆಲ್ ಪಡೆದ ವಿ.ಎಸ್. ನೈಪಾಲ್ ಬಾಲ್ಯದ ಕೆಲವು ವರ್ಷಗಳನ್ನು ಕಳೆದ ಮನೆ ಅದು. ಅವರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ (1961) ಕಾದಂಬರಿಯಲ್ಲಿ ನಾಯಕ ಕೊನೆಗೂ ತನ್ನದೆಂದು ಹೇಳಿಕೊಳ್ಳುವ ಮನೆಗೆ ಇದೇ ಮೂಲ. ಅತ್ತೆಮನೆಯ ಹಂಗಿನಲ್ಲಿ, ಬಾಡಿಗೆಯ ಕೋಣೆಗಳಲ್ಲಿ ಬದುಕು ಸವೆಸಿದ ಮನುಷ್ಯನೊಬ್ಬ ಸ್ವಂತ ಸೂರಿಗಾಗಿ ಹಂಬಲಿಸುವ ಕಥೆ ಈ ದ್ವೀಪದ ಅತ್ಯಂತ ಪ್ರಸಿದ್ಧ ಕಾದಂಬರಿಯಾಯಿತು ಎಂಬುದರಲ್ಲಿ ಅರ್ಥವಿದೆ.

ಫೆಬ್ರುವರಿ ಅಥವಾ ಮಾರ್ಚ್ ಆರಂಭದಲ್ಲಿ ಬರುವ ಕಾರ್ನಿವಲ್ ದಿನಗಳಲ್ಲಿ ಮಾತ್ರ ನಗರದಲ್ಲಿ ಒಂದು ರಾತ್ರಿಗೆಂದು ಕೋಣೆ ಹುಡುಕುವುದು ಕಷ್ಟ. ತಿಂಗಳುಗಳ ಮೊದಲೇ ಎಲ್ಲವೂ ಭರ್ತಿಯಾಗಿರುತ್ತವೆ; ದರ ಏರಿರುತ್ತದೆ; ಹಲವು ಹೋಟೆಲುಗಳು ಕನಿಷ್ಠ ಇಷ್ಟು ರಾತ್ರಿ ಎಂದು ಷರತ್ತು ಹಾಕುತ್ತವೆ.

ಭಯ ಮತ್ತು ಎಚ್ಚರ

ಅಪರಾಧದ ಮಾತು ಎತ್ತದೆ ಈ ನಗರದ ಬಗ್ಗೆ ಬರೆಯುವುದು ಅಪ್ರಾಮಾಣಿಕತೆಯಾದೀತು. ಸುಮಾರು 14 ಲಕ್ಷ ಜನರಿರುವ ಈ ದೇಶದಲ್ಲಿ 2024ರಲ್ಲಿ 600ಕ್ಕೂ ಹೆಚ್ಚು ಕೊಲೆಗಳಾದವು. ಆ ವರ್ಷದ ಡಿಸೆಂಬರ್ 30ರಂದು ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. ಅದು ಮುಗಿದ ಕೆಲವೇ ತಿಂಗಳಲ್ಲಿ, 2025ರ ಜುಲೈನಲ್ಲಿ, ಮತ್ತೊಮ್ಮೆ ಘೋಷಿಸಬೇಕಾಯಿತು. ಈ ಹಿಂಸೆಯ ಬಹುಭಾಗ ಗುಂಪುಗಳ ನಡುವಿನ ವೈರದ್ದು. ಅದರ ಬೇಗೆಯನ್ನು ಅನುಭವಿಸುತ್ತಿರುವವರು ನಗರದ ಪೂರ್ವಭಾಗದ ಬಡ ಬಡಾವಣೆಗಳ ನಿವಾಸಿಗಳು. ಹಾಗೆಂದು ದಾರಿಹೋಕನಿಗೆ ಅಪಾಯವೇ ಇಲ್ಲವೆಂದಲ್ಲ.

ಇದಕ್ಕೆ ಎರಡು ಬಗೆಯ ತಪ್ಪು ಪ್ರತಿಕ್ರಿಯೆಗಳಿವೆ. ಒಂದು, ಸುದ್ದಿಯ ತಲೆಬರಹ ಓದಿ ಇಡೀ ದೇಶಕ್ಕೆ ಬೆನ್ನು ತಿರುಗಿಸಿ ಬೆಂಚಿಗೆ ಅಂಟಿಕೊಳ್ಳುವುದು. ಇನ್ನೊಂದು, ಏನಾಗುತ್ತದೆ ನೋಡೋಣವೆಂದು ನಡುರಾತ್ರಿ ಬಂದರಿನ ಬೀದಿಗಳಲ್ಲಿ ಅಡ್ಡಾಡುವುದು. ಇವುಗಳ ನಡುವೆ ಸರಳವಾದ ಎಚ್ಚರಗಳಿವೆ. ಅಲ್ಲಿ ಬಾಡಿಗೆ ವಾಹನಗಳ ನೋಂದಣಿ ಸಂಖ್ಯೆ ‘ಎಚ್’ ಅಕ್ಷರದಿಂದಲೂ ಖಾಸಗಿ ವಾಹನಗಳದು ‘ಪಿ’ ಅಕ್ಷರದಿಂದಲೂ ಆರಂಭವಾಗುತ್ತದೆ. ‘ಪಿ’ ವಾಹನದವರು ಕಡಿಮೆ ಬಾಡಿಗೆಗೆ ಕರೆದರೂ ಹತ್ತಬಾರದು. ರಾತ್ರಿ ಇಳಿದವರು ಮೊದಲೇ ಗೊತ್ತುಮಾಡಿದ ವಾಹನದಲ್ಲಿ ಅಥವಾ ನಿಲ್ದಾಣದ ಅಧಿಕೃತ ಟ್ಯಾಕ್ಸಿಯಲ್ಲಿ ನೇರವಾಗಿ ಬಿಡಾರಕ್ಕೆ ಹೋಗಬೇಕು. ಕತ್ತಲಾದ ಮೇಲೆ ಪೇಟೆಯ ನಡುಭಾಗದಲ್ಲಿ ಕಾಲ್ನಡಿಗೆ ಬೇಡ. ಸೈನಿಕರ ಸಮವಸ್ತ್ರದಂತೆ ಮಚ್ಚೆಮಚ್ಚೆಯ ವಿನ್ಯಾಸವಿರುವ ಬಟ್ಟೆ ಧರಿಸುವುದು ಅಲ್ಲಿ ನಾಗರಿಕರಿಗೆ ಕಾನೂನುಬಾಹಿರ. ಮಕ್ಕಳ ಅಂಗಿಯಾದರೂ ಪೆಟ್ಟಿಗೆಯಲ್ಲಿಯೇ ಇರಲಿ.

ಭಯದ ಬಗ್ಗೆ ಮಾತನಾಡುವಾಗ ಇನ್ನೊಂದು ಸಂಗತಿ ನೆನಪಿರಬೇಕು. ಪ್ರವಾಸಿಗರಿಗೆ ಹೋಗಬೇಡಿರೆಂದು ಹೇಳುವ ಲಾವೆಂಟಿಲ್ ಗುಡ್ಡದ ಕೇರಿಗಳಲ್ಲಿಯೇ, ಎಸೆದ ಎಣ್ಣೆಡಬ್ಬಿಗಳನ್ನು ಬಡಿದು ಹದಗೊಳಿಸಿ ಇಂದು ಜಗತ್ತೇ ಬಲ್ಲ ಸ್ಟೀಲ್‌ಪ್ಯಾನ್ ವಾದ್ಯವನ್ನು ಬೆಳೆಸಿದವರು ಬದುಕಿದ್ದರು. ಒಂದು ಊರನ್ನು ಅದರ ಅಪರಾಧದ ಅಂಕಿಅಂಶಗಳಿಂದ ಮಾತ್ರ ಅಳೆಯಲಾಗದು.

ಭಾರತೀಯರು ಮರೆಯುವ ಕಾಗದ

ರಾತ್ರಿಯ ಬಿಡಾರಕ್ಕೆ ಸಂಬಂಧಿಸಿದ ಅತ್ಯಂತ ದುಬಾರಿ ತಪ್ಪು ಹೋಟೆಲಿನದಲ್ಲ, ಲಸಿಕೆಯದು. ಭಾರತ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿ ಟ್ರಿನಿಡಾಡ್ ದ್ವೀಪವಿದೆ. ಗಯಾನಾ, ಸುರಿನಾಮ್‌ಗಳೂ ಇವೆ. ಇಂತಹ ಪ್ರದೇಶವನ್ನು ಬಿಟ್ಟ ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸಬಹುದು. ನಡುದಾರಿಯಲ್ಲಿ ವಿಮಾನ ನಿಲ್ದಾಣದ ಆವರಣವನ್ನು ಬಿಟ್ಟು ಹೊರಬರದವರಿಗೆ ವಿನಾಯಿತಿ ಪಡೆಯುವ ಅವಕಾಶವಿದೆ. ಊರೊಳಗೆ ಒಂದು ರಾತ್ರಿ ಮಲಗಿ ಎದ್ದವರಿಗೆ ಅದು ಅನ್ವಯಿಸದು. ಬಾರ್ಬಡೋಸ್‌ಗೋ ಗ್ರೆನಡಾಕ್ಕೋ ಹೋಗಿ, ಮರಳುವಾಗ ಟ್ರಿನಿಡಾಡಿನಲ್ಲಿ ಒಂದೇ ರಾತ್ರಿ ಕಳೆಯುವವರು ಇದನ್ನು ಊಹಿಸಿಯೇ ಇರುವುದಿಲ್ಲ. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಆಮೇಲೆ ಜೀವನಪರ್ಯಂತ ಸಲ್ಲುತ್ತದೆ. ಬೆಂಗಳೂರಿನಲ್ಲಿಯೂ ಇದಕ್ಕೆ ಅಧಿಕೃತ ಕೇಂದ್ರಗಳಿವೆ.

ಪ್ರವೇಶದ ನಿಯಮವನ್ನೂ ಟಿಕೆಟ್ಟು ಕೊಳ್ಳುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು. ಅಮೆರಿಕದ ಮೂಲಕ ಹೋಗುವವರಿಗೆ ಅಲ್ಲಿ ಬರಿದೇ ವಿಮಾನ ಬದಲಿಸಲಿಕ್ಕೂ ಅಮೆರಿಕದ ವೀಸಾ ಬೇಕು ಎಂಬುದನ್ನು ಮರೆಯುವಂತಿಲ್ಲ. ಸಣ್ಣ ಸಂಗತಿಯೆಂದರೆ ವಿದ್ಯುತ್ತಿನದು: ಅಲ್ಲಿ 115 ವೋಲ್ಟ್, ಅಮೆರಿಕದ ಮಾದರಿಯ ಚಪ್ಪಟೆ ಪಿನ್ನು. ಅಡಾಪ್ಟರ್ ಇಲ್ಲದೆ ಹೋದವರ ಫೋನು ನಸುಕಿನ ಮೂರಕ್ಕೆ ಎಬ್ಬಿಸಲಾರದು.

ಐದು ವರ್ಷದ ತಂಗುವಿಕೆ

ಈ ನಗರದಲ್ಲಿ ‘ಎಲ್ಲಿ ತಂಗಬೇಕು’ ಎಂಬ ಪ್ರಶ್ನೆಯನ್ನು ಭಾರತೀಯರು ಎದುರಿಸುತ್ತಿರುವುದು ಇಂದು ನಿನ್ನೆಯಲ್ಲ. 1845ರ ಮೇ 30ರಂದು ‘ಫತೆಲ್ ರಜಾಕ್’ ಹಡಗು ಇನ್ನೂರಕ್ಕೂ ಹೆಚ್ಚು ಕರಾರು ಕೂಲಿಗಳನ್ನು ಇಲ್ಲಿಗೆ ತಂದಿತು. ಆ ದಿನ ಅಲ್ಲೀಗ ಸಾರ್ವಜನಿಕ ರಜೆ. 1917ರವರೆಗೆ ಹೀಗೆ ಬಂದವರು ಸುಮಾರು 1,44,000 ಮಂದಿ. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರಗಳಿಂದ ಕಲ್ಕತ್ತಾ ಬಂದರಿನ ಮೂಲಕ ಬಂದವರು. ಸ್ವಲ್ಪ ಜನ ಮದ್ರಾಸಿನಿಂದ. 1866ರ ನಂತರ ಬಂದವರನ್ನು ಮೊದಲು ಇಳಿಸುತ್ತಿದ್ದದ್ದು ಬಂದರಿನಾಚೆಯ ನೆಲ್ಸನ್ ಎಂಬ ಪುಟ್ಟ ನಡುಗಡ್ಡೆಯಲ್ಲಿ. ಆರೋಗ್ಯ ತಪಾಸಣೆ ಮುಗಿದು, ಯಾರು ಯಾವ ತೋಟಕ್ಕೆ ಎಂಬುದು ನಿರ್ಧಾರವಾಗುವವರೆಗೆ ಅಲ್ಲಿಯೇ ವಾಸ. ಆಮೇಲೆ ತೋಟದ ಸಾಲುಮನೆ. ಎಲ್ಲಿ ಮಲಗಬೇಕೆಂಬ ಆಯ್ಕೆ ಅವರದಾಗಿರಲಿಲ್ಲ.

ಕರಾರು ಐದು ವರ್ಷದ್ದು. ಮರಳಿ ಹೋಗುವ ಉದ್ದೇಶದಿಂದಲೇ ಬಂದವರಲ್ಲಿ ಬಹುಪಾಲು ಮಂದಿ ಮರಳಲಿಲ್ಲ. ಮರುಪ್ರಯಾಣದ ಹಕ್ಕಿಗೆ ಬದಲಾಗಿ ತುಂಡು ನೆಲ ಪಡೆದು ನಿಂತವರೂ ಉಂಟು. ಆದರೆ ನೆಲದ ಮೇಲೆ ನೆಲೆ ಪಡೆಯುವುದು ಸುಲಭವಾಗಿರಲಿಲ್ಲ. ವಾಟರ್‌ಲೂ ಗ್ರಾಮದ ಶಿವದಾಸ್ ಸಾಧು ಎಂಬ ಕೂಲಿಕಾರ 1947ರಲ್ಲಿ ಸಕ್ಕರೆ ಕಂಪನಿಯ ಜಾಗದಲ್ಲಿ ಗುಡಿ ಕಟ್ಟಿದ. ಗುಡಿಯನ್ನು ಕೆಡವಿಸಿ, ಅವನನ್ನು 14 ದಿನ ಸೆರೆಮನೆಗೆ ಕಳಿಸಿದರು. ನೆಲದಲ್ಲಿ ಜಾಗವಿಲ್ಲವೆಂದಾದರೆ ಸಮುದ್ರ ಯಾರದೂ ಅಲ್ಲವಷ್ಟೆ ಎಂದುಕೊಂಡು ಸೈಕಲ್ಲಿನಲ್ಲಿ ಕಲ್ಲುಮಣ್ಣು ಸಾಗಿಸಿ, ಸುಮಾರು 25 ವರ್ಷಗಳ ಕಾಲ ನೀರಿನೊಳಗೆ ಗುಡಿ ಕಟ್ಟಿದ. 1995ರಲ್ಲಿ ಪುನರ್ನಿರ್ಮಾಣಗೊಂಡ ಆ ಕಡಲ ಗುಡಿ ಇಂದೂ ಇದೆ. ಹಗಲು ಪೂರ್ತಿ ಸಿಕ್ಕವರು ಟ್ಯಾಕ್ಸಿ ಮಾಡಿಕೊಂಡು ನೋಡಿ ಬರಬಹುದು.

ಒಂದು ರಾತ್ರಿಗೆ ಬಂದುಹೋಗುವವರಿಗೆ ಈ ಚರಿತ್ರೆಯ ಹೊರೆ ಏಕೆಂದು ಕೇಳಬಹುದು. ಕಾರಣವಿಷ್ಟೆ: ಸೇಂಟ್ ಆಗಸ್ಟೀನಿನ ಅತಿಥಿಗೃಹದ ಬಾಗಿಲು ತೆರೆಯುವಾಕೆ, ವಾಹನ ಓಡಿಸುವಾತ, ಡಬಲ್ಸ್ ಕಟ್ಟಿಕೊಡುವಾತ ಇವರಲ್ಲಿ ಹಲವರು ಆ ಐದು ವರ್ಷದ ತಂಗುವಿಕೆಯಿಂದ ಉಳಿದವರ ವಂಶಸ್ಥರು, ಉಳಿದವರಲ್ಲಿ ಹೆಚ್ಚಿನವರು ಅದಕ್ಕಿಂತ ಕ್ರೂರವಾಗಿ, ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ಸಂತತಿ. ಮುಖದಲ್ಲಿ ಭಾರತವನ್ನು ಗುರುತಿಸಿ ‘ನಮ್ಮವರು’ ಎಂದು ಸಲಿಗೆ ತೋರುವ ಮುನ್ನ, ಅವರು ಈಗ ಟ್ರಿನಿಡಾಡಿನವರು ಎಂಬ ಗೌರವ ನಮ್ಮಲ್ಲಿರಬೇಕು.

ನಮ್ಮ ಕೈಯಲ್ಲಿ ಮರುಪ್ರಯಾಣದ ಟಿಕೆಟ್ಟಿದೆ, ಕೋಣೆಯನ್ನು ಆರಿಸುವ ಸ್ವಾತಂತ್ರ್ಯವಿದೆ. ಅದನ್ನು ಭಯಕ್ಕೋ ಜಿಪುಣತನಕ್ಕೋ ಒಪ್ಪಿಸಿಬಿಡುವ ಬದಲು ಗಂಟೆಗಳನ್ನು ಎಣಿಸಿ, ಕಾಗದಗಳನ್ನು ಸರಿಪಡಿಸಿಕೊಂಡು, ಸಾಧ್ಯವಾದರೆ ಆ ಪಟ್ಟಣಗಳ ಸಾಲಿನಲ್ಲಿ ಯಾರದಾದರೂ ಮನೆಯಂಥ ಅತಿಥಿಗೃಹದಲ್ಲಿ ಮಲಗಿ ಎದ್ದು ಬನ್ನಿ. ವಿಮಾನ ಹೊತ್ತೇರಿದ ಮೇಲಾದರೆ ನಿಲ್ದಾಣಕ್ಕೆ ಹೊರಡುವ ಮುನ್ನ ಕ್ಯುರೆಪ್‌ನ ಕೂಡುರಸ್ತೆಯಲ್ಲಿ ಐದು ನಿಮಿಷ ನಿಲ್ಲಿ. ಬೆಳಗಿನ ಡಬಲ್ಸ್ ಬಿಸಿಯಾಗಿರುತ್ತದೆ. ಖಾರ ಮಾತ್ರ ಸ್ವಲ್ಪ ಕಡಿಮೆ ಹಾಕಲು ಹೇಳಿ.